ಬೀಗದ ಕೈ

ಕೂಲಿಯ ಜಗಳದಲ್ಲಿ ಶೇಂಗಾ ಎಣ್ಣೆ ಮಿಲ್ಲಿಗೆ ಮಾಲೀಕರು ಬೀಗ ಜಡಿದ ವರ್ಷ, ೧೯೮೧. ಜಗಳೂರು ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಆ ಮಿಲ್ಲಿನ ಕೆಲಸಗಾರ್ತಿ ದ್ಯಾಮಮ್ಮ, ಕೆಲಸಗಾರರ ಪರವಾಗಿ ಲೇಬರ್ ಆಫೀಸರನ್ನು ಕಂಡು ಬಂದ ಸುಬಾನಸಾಬರನ್ನು ವಿಚಾರಿಸುತ್ತಿದ್ದರು.

“ಬೀಗ ತೆಗೆಸ್ತಾರಂತಾ?”

“ಇಬ್ಬರನ್ನೂ ಕೂರಿಸಿ ಮಾತಾಡಿಸಾಕೆ ಅವರಿಗೆ ಅಧಿಕಾರ ಐತಂತೆ. ಒಪ್ಪಿಸಾಕೆ ಇಲ್ಲಂತೆ.”

“ಸರ್ಕಾರದ ಕೈಲಿ ಒಂದು ಬೀಗ ತೆಗೆಸಾಕೆ ಆಗಲ್ವಾ?”

“ಹಂಗನ್ನಬ್ಯಾಡ್ರಿ ದ್ಯಾಮಕ್ಕ. ಇವತ್ತು ಸರ್ಕಾರ ಸಾಹುಕಾರ್ರ ಕೈ ಹಿಡಿದು ಬೀಗ ತೆಗೆಸಿದ್ರೆ, ನಾಳೆ ನಾವು ಮುಷ್ಕರ ಮಾಡಿದಾಗ ನಮ್ಮ ಕೈ ಹಿಡಿದು ಮಿಷನ್ ಮುಂದೆ ನಿಲ್ಲಿಸ್ತೈತೆ.”

ದ್ಯಾಮಮ್ಮ ಯೋಚಿಸಿದರು.

“ಅದೂ ನಿಜಾನೇ.”

ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟ ದ್ಯಾಮಮ್ಮ ಅಲ್ಲೇ ತಿರುಗಿದರು.

“ಆದ್ರೂ ಸಾಬ್ರೇ, ಬೀಗದ ಕೈ ಯಾವಾಗ್ಲೂ ಸಾಹುಕಾರ್ರ ಸೊಂಟದಾಗೇ ಇರತೈತಲ್ರೀ?”