ಸಿಸ್ಟರ್ ಕಮರ್ ಜಹಾನ್ ಮತ್ತು ಸಹಿಯಿಲ್ಲದ ಅರ್ಜಿ

ವಾಲಿದ ಕುರ್ಚಿಯಲ್ಲೂ ನೆಟ್ಟಗೆ ಕುಳಿತಿರುವ ಅಧ್ಯಕ್ಷರಾದ ಪಿಳ್ಳಣ್ಣನವರೇ, ಇಂದು ನಾವು ಬೀಳ್ಕೊಡುತ್ತಿರುವ ಸಿಸ್ಟರ್ ಕಮರ್ ಜಹಾನ್ ಅವರೇ, ಮಗ್ಗ ನಿಲ್ಲಿಸಿ ಬಂದಿರುವ ದೊಡ್ಡಬಳ್ಳಾಪುರದ ನೇಕಾರ ಬಂಧುಗಳೇ, ಮೊದಲನೇ ಸಾಲಿನಲ್ಲಿ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿರುವ ಧರ್ಮಪತ್ನಿ ನಾರಾಯಣಮ್ಮನವರೇ, ಸಭಿಕರೇ!

ಈ ಕೋದಂಡರಾಮಯ್ಯನಿಗೆ ಮೈಕು ಬೇಡ. ಮೂವತ್ತು ವರ್ಷ ರಾಜಪಾರ್ಟು ಮಾಡಿದ ಗಂಟಲಿದು! ಆದರೆ ಗಂಟಲು ಎಷ್ಟು ದೊಡ್ಡದಾದರೇನು, ಅದರ ಕೆಳಗಿನ ಹೃದಯ ತಾಳ ತಪ್ಪಿದರೆ?

ಹೋದ ವರ್ಷ, ತೊಂಬತ್ತೈದರಲ್ಲಿ, ಇದೇ ವೇದಿಕೆ. ಯುದ್ಧದ ದೃಶ್ಯ. ನಾನು ಅಸುರ ಚಕ್ರವರ್ತಿ. ಎದುರು ಪಾರ್ಟಿನವನು ಇನ್ನೂ ಗದೆ ಎತ್ತೇ ಇಲ್ಲ, ನಾನು ಧೊಪ್ಪನೆ ಬಿದ್ದೆ! ನೀವೇನು ಮಾಡಿದಿರಿ? ಶಿಳ್ಳೆ ಹೊಡೆದು "ವನ್ಸ್ ಮೋರ್!" ಅಂದಿರಿ. ನಮ್ಮೂರಿನಲ್ಲಿ ವನ್ಸ್ ಮೋರ್ ಅಂದರೆ ಸತ್ತ ರಾಜನೂ ಎದ್ದು, ಪದ್ಯ ಹಾಡಿ, ಇನ್ನೊಮ್ಮೆ ಸಾಯಬೇಕು. ಎಚ್ಚರವಾಯಿತು, ಎದ್ದೆ, ಹಾಡಿದೆ, ಮತ್ತೆ ಬಿದ್ದೆ. ಎರಡನೆಯದು ನಟನೆ ಅಂತ ಇಷ್ಟು ದಿನ ಹೇಳಿಕೊಂಡು ತಿರುಗಿದ್ದೇನೆ. ಎರಡನೇ ಸಲ ಬಿದ್ದದ್ದೂ ನಿಜವಾಗಿಯೇ, ಮಹಾಜನರೇ. ಚಪ್ಪಾಳೆ ಮಾತ್ರ ಅದಕ್ಕೇ ಜಾಸ್ತಿ ಬಿತ್ತು.

ಚಪ್ಪಾಳೆ ತಟ್ಟದವರು ಒಬ್ಬರೇ. ಹೆಂಗಸರ ಸಾಲಿನಿಂದ ಎದ್ದು ವೇದಿಕೆ ಹತ್ತಿದರು, ನನ್ನ ಕಡಗ ಸರಿಸಿ ನಾಡಿ ಹಿಡಿದರು, ಗಡಿಯಾರ ನೋಡಿದರು. "ನಿಮಿಷಕ್ಕೆ ಮೂವತ್ತೆರಡು. ಪರದೆ ಎಳೀರಿ!" ಅಂದರು. ಅವರೇ ನಮ್ಮೂರಿನ ಅಸದುಲ್ಲಾ ಸಾಹೇಬರ ಮಗಳು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಹೃದಯದ ಬಡಿತ ನೋಡಿಕೊಳ್ಳುವುದಕ್ಕೆಂದೇ ತರಬೇತಿ ಪಡೆದ ಸಿಸ್ಟರ್.

ನನ್ನ ಎದೆಗೆ ಪೇಸ್‌ಮೇಕರ್ ಬಂತು. ನನ್ನಂಥವರು ಸುತ್ತಮುತ್ತ ಹದಿನೇಳು ಜನ ಇದ್ದಾರೆಂದು ತಿಳಿದು, ಆಸ್ಪತ್ರೆಯವರನ್ನು ಕಾಡಿ ಬೇಡಿ, ಆ ತಿಂಗಳೇ ನಮ್ಮ ನಾಟಕ ಸಂಘದ ಹಿಂದಿನ ಕೋಣೆಯಲ್ಲಿ ತಿಂಗಳಿಗೊಂದು ತಪಾಸಣೆ ಶುರು ಮಾಡಿಸಿದರು. ದೊಡ್ಡ ಡಾಕ್ಟರು ಬಂದರು, ಟೇಪು ಕತ್ತರಿಸಿದರು, ಬಾದಾಮಿ ಹಾಲು ಕುಡಿದು ಹೋದರು. ಮತ್ತೆ ಬಂದರೇ? ತೂಬಗೆರೆಯ ಅಶ್ವತ್ಥಮ್ಮನ ಎದೆಯೊಳಗಿನ ಬ್ಯಾಟರಿ ಮುಗಿಯುತ್ತಾ ಬಂದದ್ದನ್ನು ಹಿಡಿದವರು ಯಾರು? ಸಿಸ್ಟರ್!

ನನಗೂ ಹೇಳಿದ್ದರು, ಒಂದೂವರೆ ತಿಂಗಳು ಎಡಗೈ ಭುಜದ ಮೇಲಕ್ಕೆ ಎತ್ತಬೇಡಿ ಅಂತ. ಎತ್ತಿದೆನೇ? ಮೂರನೇ ವಾರಕ್ಕೇ ಎತ್ತಿದೆ, ಗದೆ ಸಮೇತ. ತಪಾಸಣೆಗೆ ಹೋದರೆ, "ಯಜಮಾನ್ರೇ, ಗದೆ ಎತ್ತಿದ್ರಾ?"

"ಛೆ ಛೆ, ಚೊಂಬು ಕೂಡ ಎತ್ತಿಲ್ಲಮ್ಮ."

"ಒಳಗಿನ ತಂತಿ ಜರುಗಿದೆ. ನೀವು ಇಲ್ಲ ಅಂದ್ರೂ ನಿಮ್ಮೆದೆ ಹೌದು ಅಂತಿದೆ."

ಪಕ್ಕದಲ್ಲಿದ್ದ ಈ ನಾರಾಯಣಮ್ಮ ಸುಮ್ಮನಿದ್ದಳೇ? "ಎತ್ತಿದ್ರು ಸಿಸ್ಟರಮ್ಮ, ನಡುಮನೇಲಿ ತಿರುಗಿಸ್ತಾನೂ ಇದ್ರು. ಬಲ್ಬು ಒಡೆದೋಯ್ತು!" ಸಾಲಲ್ಲಿ ನಿಂತವರೆಲ್ಲ ನಕ್ಕರು. ಮತ್ತೆ ಆಪರೇಷನ್ನು. ತಾವು ಹೇಳುವವರೆಗೂ ಗದೆ ಮುಟ್ಟಕೂಡದು ಅಂತ ಸಿಸ್ಟರ್ ಕಟ್ಟಪ್ಪಣೆ. ಈ ವರ್ಷದ ನಾಟಕದಲ್ಲಿ ನನ್ನ ಕಿರೀಟ ಬಟ್ಟೆ ಅಂಗಡಿ ರಾಮಾಂಜಿನಪ್ಪನ ತಲೆಗೇರಿತು. ಅವನದೂ ಒಂದು ಗಂಟಲೇ! ಹೋಗಲಿ. ನನಗೆ ಬೇಸರವಾಯಿತೇ? ಇಲ್ಲ. ಖಂಡಿತ ಇಲ್ಲ.

ಈಗ ತಪಾಸಣೆ ನಿಂತಿದೆ. ಯಾಕೆ? ಯಾರೋ ಹೇಡಿ ಆಸ್ಪತ್ರೆಗೆ ಸಹಿಯಿಲ್ಲದ ಅರ್ಜಿ ಬರೆದನಂತೆ! ಸಿಸ್ಟರನ್ನು ವಾಪಸು ಕರೆಸಿಕೊಂಡರು. ಏನು ಅರ್ಜಿ ಅದು! "ವೈದ್ಯರಿಲ್ಲದ ವೇಳೆಯಲ್ಲಿ ಶುಶ್ರೂಷಕಿಯೊಬ್ಬಳು ಹೃದಯವೆಂಬ ಸಿಂಹಾಸನಕ್ಕೆ ಕೈಯಿಕ್ಕುವುದು ಸಲ್ಲದು, ಸಲ್ಲದು, ಸರ್ವಥಾ ಸಲ್ಲದು!" ಆ ಗತ್ತು ನೋಡಿ, ಆ ಪದಗಳ ಓಟ ನೋಡಿ...

ಯಾಕೆ ಎಲ್ಲರೂ ಸುಮ್ಮನಾದಿರಿ?

ಓ.

ನಾರಾಯಣಮ್ಮ, ಕೂತ್ಕೊ. ಹೇಳ್ತೀನಿ. ಹೌದು, ಆ ಅರ್ಜಿ ಇರುವುದು ಆಸ್ಪತ್ರೆಯ ಫೈಲಿನಲ್ಲಿ. ಈ ಊರಿನಲ್ಲಿ ಅದನ್ನು ಓದಿದವರು ಯಾರೂ ಇಲ್ಲ. ಬಾಯಿಪಾಠ ಇರುವುದು ಬರೆದವನಿಗೆ ಮಾತ್ರ.

ಒಂದು ಕಿರೀಟಕ್ಕಾಗಿ ಬರೆದೆ. ಈಗ ಬಾಗಿಲಲ್ಲಿ ಅಶ್ವತ್ಥಮ್ಮ ಸಿಕ್ಕಿದ್ದರು. "ಬೆಂಗ್ಳೂರಿಗೆ ಎರಡು ಬಸ್ಸು ಹತ್ತಕ್ಕೆ ನನ್ ಕೈಲಾಗಲ್ಲ ಕಣಪ್ಪಾ, ಎದೆ ನಿಂತೋದ್ರೆ ನಿಂತೋಗ್ಲಿ" ಅಂದರು. ನಾನು ಜೋರಾಗಿ ನಕ್ಕು ಒಳಗೆ ಬಂದುಬಿಟ್ಟೆ.

ಸಿಸ್ಟರ್, ನಿಮಗೆ ಆಶ್ಚರ್ಯವೇ ಆಗಲಿಲ್ಲವಲ್ಲ! ಮೊದಲೇ ಗೊತ್ತಿತ್ತೇ? ಗೊತ್ತಿದ್ದೂ ಹೋದ ತಿಂಗಳು ನನ್ನೆದೆ ಮೇಲೆ ಯಂತ್ರ ಇಟ್ಟು, "ಚೆನ್ನಾಗಿದೆ ಯಜಮಾನ್ರೇ, ಇನ್ನು ಗದೆ ಎತ್ತಬಹುದು" ಅಂದಿರೇ?

ಪಿಳ್ಳಣ್ಣನವರೇ, ಆ ಶಾಲು ಮಡಚಿಡಿ. ಈ ಬೀಳ್ಕೊಡುಗೆ ಆಗಬಾರದು. ಒಂದು ಕಾಗದ ಕೊಡಿ. ಅರ್ಜಿ ಬರೆದವನು ನಾನು, ಬರೆದದ್ದು ಹೊಟ್ಟೆಕಿಚ್ಚಿಗೆ, ಸಿಸ್ಟರನ್ನು ನಮಗೇ ಬಿಡಿ. ಮೂರೇ ಸಾಲು, ಸಿಂಹಾಸನ ಗಿಂಹಾಸನ ಏನೂ ಇಲ್ಲ. ಕೆಳಗೆ ನನ್ನ ಪೂರಾ ಹೆಸರು. ನಾಳೆ ಮೊದಲನೇ ಬಸ್ಸಿಗೆ ನಾನೇ ಒಯ್ದು ಕೊಡುತ್ತೇನೆ. ಅವರು ಒಪ್ಪುತ್ತಾರೋ ಇಲ್ಲವೋ, ಆಣೆ ಇಟ್ಟು ಹೇಳಲಾರೆ. ನಾರಾಯಣಮ್ಮನೂ ಜೊತೆಗೆ ಬರ್ತಾಳಂತೆ. ನನ್ನ ಆರೋಗ್ಯಕ್ಕಲ್ಲ, ಕಾಗದ ಕೊಟ್ಟೆನೋ ಇಲ್ಲವೋ ನೋಡೋದಕ್ಕೆ.

ಕಲ್ಲು ಹೊಡೆಯದೆ ಕೇಳಿದ ತಮಗೆಲ್ಲ ವಂದನೆಗಳು. ಬೈಯುವವರು ಎಡಗಡೆ ಬಾಗಿಲಲ್ಲಿ ಸಾಲಾಗಿ ನಿಲ್ಲಿ, ನಾನು ಅಲ್ಲಿಂದಲೇ ಇಳಿಯುತ್ತೇನೆ. ನಮಸ್ಕಾರ.