ಬಾಲ್ಕನಿ ಕೆಳಗಿನ ಎರಡು ಕಂಬ

ಮತ್ತೆ ಅದೇ ಕಂಬದ ವಿಷಯವಾ ಅತ್ತಿಗೆ? ಬಾಲ್ಕನಿ ಕೆಳಗೆ ಅವೆರಡು ನಿಂತಿದ್ರೆ ಯಾರ ಗಂಟು ಹೋಯ್ತು? ಬಳ್ಳಿ ಹಬ್ಬಿಸೋಕೆ ಬಿಟ್ಟಿದೀನಿ ಅಂದೆನಲ್ಲ... ಏನು? ಅಣ್ಣ ಇವತ್ತೇ ಕೀಳಿಸ್ತಾನಂತಾ? ಆಳು ಕರ್ಕೊಂಡು ಬರೋಕೆ ಹೋಗಿದಾನಾ? ಕಾರು ಒಳಗೆ ಬರಲ್ಲ ಅಂತ! ರಸ್ತೇಲಿ ಗಾಳಿ ಕುಡ್ಕೊಂಡು ನಿಂತಿರ್ಲಿ ಬಿಡಿ ಕಾರು. ಈ ಮನೆ ಕಟ್ಟಿದ ಕಂಟ್ರಾಕ್ಟರ್ ನಾನಾ, ಅವನಾ?

ಮೊದಲು ನೀವು ಒಳಗೆ ಬನ್ನಿ, ಟೀ ಆರ್ತಿದೆ. ಬರಲ್ವಾ? ಸರಿ, ನಾನು ಬಾಗಿಲಲ್ಲೇ ನಿಂತಿರ್ತೀನಿ. ಬಾಲ್ಕನಿ ಗಾಳಿ ನನಗಾಗಲ್ಲ.

ಏನಂದ್ರಿ? ಕಾಂಕ್ರೀಟೇ ಕಲ್ಲಿನ ಹಾಗಿರುತ್ತೆ, ಅದಕ್ಕೆ ಅಷ್ಟೊಂದು ಕಬ್ಬಿಣ ಯಾಕೆ ತಿನ್ನಿಸಿದೆ ಅಂತಲಾ? ಅಯ್ಯೋ, ಕಾಂಕ್ರೀಟ್ ಅಂದ್ರೆ ಥೇಟ್ ನಮ್ಮಣ್ಣ! ತಲೆ ಮೇಲೆ ಏನು ಬೇಕಾದ್ರೂ ಹೇರಿ, ಆಫೀಸು, ಅಪ್ಪನ ಬೈಗುಳ, ನಿಮ್ಮ ತವರಿನ ನೆಂಟರು... ಹೊತ್ಕೊಂಡು ನಿಂತಿರ್ತಾನೆ. ಆದ್ರೆ ನೀವೊಂದು ಕಡೆ, ಅಮ್ಮ ಒಂದು ಕಡೆ ಹಿಡಿದು ಎಳೀರಿ ನೋಡೋಣ? ಚಟ್ ಅಂತ ಬಿರುಕು! ಎಳೆತ ತಡೆಯೋ ಜೀವ ಅಲ್ಲ ಅದು. ಕಬ್ಬಿಣ ನೀವು. ಎಳೆದಷ್ಟೂ ಹಲ್ಲು ಕಚ್ಚಿ ಹಿಡ್ಕೊಳ್ತೀರಿ. ಮೇಲಾಗಿ ಬಿಸಿಲಿಗೆ ಇಬ್ಬರೂ ಹೆಚ್ಚುಕಮ್ಮಿ ಒಂದೇ ಅಳತೇಲಿ ಹಿಗ್ತೀರಿ, ಚಳಿಗೆ ಒಂದೇ ಅಳತೇಲಿ ಕುಗ್ತೀರಿ. ಅದಕ್ಕೇ ಸಂಸಾರ ನಡೀತಿದೆ. ಯಾಕೆ ನಗ್ತೀರಿ? ಸುಳ್ಳಾ?

ಕಬ್ಬಿಣದ ಕಂಬಿ ಎಲ್ಲಿ ಹಾಕ್ತಾರೆ ಅಂದ್ರಾ? ಎಳೆತ ಇರೋ ಕಡೆ. ನಡುಮನೆ ಚಾವಣಿ ಎರಡೂ ಕಡೆ ಗೋಡೆ ಮೇಲೆ ಕೂತಿದೆ, ನಡುವೆ ಜಗ್ಗುತ್ತೆ, ಹೊಟ್ಟೆ ಅಡಿಯಲ್ಲಿ ಎಳೆತ. ಅಲ್ಲಿ ಕಂಬಿ ಕೆಳಗಿರಬೇಕು. ಬಾಲ್ಕನಿ ಹಾಗಲ್ಲ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಆಕಾಶ! ತುದಿ ಬಗ್ಗಿದ್ರೆ ಬೆನ್ನಿನ ಮೇಲೆ ಎಳೆತ. ಅದಕ್ಕೆ ಕಂಬಿ ಮೇಲ್ಗಡೇನೇ ಇರಬೇಕು, ಕೆಳಗೆ ಕೂತುಬಿಟ್ರೆ...

ಏನಿಲ್ಲ. ಟೀ ಆರ್ತಿದೆ ಅಂದೆ.

ಯಾಕೆ ನನ್ನ ಹಿಂದಿನ ಗೋಡೆ ನೋಡ್ತೀರಿ? ಓ, ಫೋಟೋನಾ! ನೀವೇ ಅಲ್ವಾ ಫ್ರೇಮ್ ಹಾಕಿಸಿದ್ದು? ಬಾಲ್ಕನಿಗೆ ಕಾಂಕ್ರೀಟ್ ಸುರಿಯೋ ದಿನ ಬೆಳಿಗ್ಗೆ, ಮನೆಮಂದಿಯೆಲ್ಲ ಕಟ್ಟಿದ ಕಂಬಿ ಮೇಲೆ ಸಾಲಾಗಿ ನಿಂತು... ಏನು? ದೊಡ್ಡಪ್ಪನ ಕಾಲಡಿ ಕಂಬಿ ತಗ್ಗಿದೆಯಾ? ಫೋಟೋಲಿ ಹಾಗೆ ಕಾಣುತ್ತೆ ಅಷ್ಟೇ. ಅಲ್ಲ, ಅವರ ಗಾತ್ರ ಗೊತ್ತಲ್ಲ... ಆ ಫೋಟೋದವನು ಬೇರೆ, ಇನ್ನೂ ಒತ್ತಿಕೊಂಡು ನಿಲ್ಲಿ, ಇನ್ನೂ ಒತ್ತಿಕೊಂಡು ನಿಲ್ಲಿ ಅಂತ... ಅಷ್ಟರಲ್ಲಿ ಕೆಳಗೆ ಮಿಕ್ಸರ್ ತಿರುಗ್ತಿತ್ತು, ಕಲಸಿದ್ದು ಗಟ್ಟಿಯಾಗ್ತಿತ್ತು... ಕಂಬಿ ಮತ್ತೆ ಎತ್ತಿ ಕಟ್ಟಿದ್ವಿ ಅತ್ತಿಗೆ. ಕಟ್ಟಿರ್ಬೇಕು.

ಬೇಕಾದ್ರೆ ಬೈದ್ಬಿಡಿ. ಆ ಕುರ್ಚಿ ಯಾಕೆ ಅಂಚಿಗೆ ಎಳೀತಿದೀರಿ? ನಿಮಗಾ? ನನಗಾ? ಅಲ್ಲಿ ಕೂತು ಟೀ ಕುಡೀಬೇಕಾ ನಾನು? ಇಲ್ಲ ಇಲ್ಲ, ನನ್ನ ಮೊಣಕಾಲು... ಗಾಳಿ ಅಂದೆನಲ್ಲ...

ಹಾಗೆ ಕುರ್ಚಿ ತಟ್ಟಿ ಕರೀಬೇಡಿ ಅತ್ತಿಗೆ.

ಗೇಟ್ ಸದ್ದಲ್ವಾ ಅದು? ಅಣ್ಣ! ಏ ಅಣ್ಣಾ, ಕಂಬ ಮುಟ್ಬೇಡ ಕಣೋ, ಅತ್ತಿಗೆ ಇನ್ನೂ ಮೇಲಿದಾರೆ! ಅತ್ತಿಗೆ, ನನ್ನ ಕೈ ಹಿಡ್ಕೊಳ್ಳಿ... ಕುರ್ಚಿ ಅಲ್ಲೇ ಬಿಡಿ, ಹಾಳಾಗಿ ಹೋಗ್ಲಿ... ಮೆಲ್ಲಗೆ!