ಮಹಾರಾಜರ ಮುಖದ ಮೇಲೆ ಬಿದ್ದ ಠಸ್ಸೆಯ ಕುರಿತು

ಹೆಸರು ಮೇಲಿನ ಕಾಲಂನಲ್ಲಿ ಬರೆದಂತೆ. ಬೀದಿಯಲ್ಲಿ ಎಲ್ಲರೂ ನನ್ನನ್ನು ಕನ್ನಡಕದಮ್ಮ ಎನ್ನುತ್ತಾರೆ. ವಯಸ್ಸು 51 ವರ್ಷ. ಉದ್ಯೋಗ: ಕನ್ನಡಕದ ಅಂಗಡಿ. ವಾಸ: ಅಂಚೆ ಕಚೇರಿಯ ಎದುರು, ಅಂಗಡಿಯ ಮೇಲಿನ ಮಹಡಿ. ಇದೇ ತಿಂಗಳ 24ರಂದು ನಾನು ಕೊಟ್ಟ ದೂರಿಗೆ ಸಂಬಂಧಿಸಿ, ಇಂದು 27ರಂದು ಸಂಜೆ 5-10ಕ್ಕೆ, ಯಾರೂ ಕರೆಯದೆ ನಾನೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ದಿನಾಂಕ 3ರಂದು ಬೆಳಿಗ್ಗೆ 10 ಗಂಟೆಗೆ, ಮಹಾರಾಜರು ಪಟ್ಟಕ್ಕೆ ಬಂದು ಅರವತ್ತು ವರ್ಷ ತುಂಬಿದ ನೆನಪಿನ ಹೊಸ ಅಂಚೆಚೀಟಿ ಮಾರಾಟಕ್ಕೆ ಬಂತು. ಸಾಲು ನನ್ನ ಅಂಗಡಿಯ ಮೆಟ್ಟಿಲವರೆಗೆ ನಿಂತಿತ್ತು. ನಾನು ಮೂರು ಕೊಂಡೆ. 5ರಂದು ಬೆಳಿಗ್ಗೆ 11-40ಕ್ಕೆ ಒಂದನ್ನು ಅಂಟಿಸಿ ನನ್ನ ತಂಗಿಗೆ ಬರೆದ ಕಾಗದವನ್ನು ಕಚೇರಿಯ ಕೆಂಪು ಡಬ್ಬಿಗೆ ಹಾಕಿದೆ.

ಆ ಕಾಗದದಲ್ಲಿ ಏನಿತ್ತು ಎಂದು ಈ ಹೇಳಿಕೆ ಬರೆದುಕೊಳ್ಳುತ್ತಿರುವವರು ಕೇಳಿದ್ದರಿಂದ ಹೇಳುತ್ತೇನೆ. ಆರು ವರ್ಷದ ಹಿಂದೆ ಅಮ್ಮ ತೀರಿಕೊಂಡ ದಿನ, ಉಸಿರು ನಿಂತ ಮೇಲೆ ಬಂದೆಯಲ್ಲ ಎಂದು ನಾನು ತಂಗಿಗೆ ನಾಲ್ಕು ಜನರ ಎದುರು ಅಂದಿದ್ದೆ. ಅವಳು ಬಂದ ರೈಲು ಐದು ಗಂಟೆ ತಡವಾಗಿತ್ತು. ಅದು ನನಗೂ ಗೊತ್ತಿತ್ತು, ಆದರೂ ಅಂದೆ. ಅಂದಿನಿಂದ ಮಾತಿಲ್ಲ. ಅವಳ ಗಂಡನಿಗೆ ದೂರದ ಊರಿಗೆ ವರ್ಗವಾಗಿದೆ, 30ರಂದು ಮನೆ ಖಾಲಿ ಮಾಡುತ್ತಾರೆ ಎಂದು ಬೇರೆಯವರಿಂದ ತಿಳಿಯಿತು. ಹೊಸ ವಿಳಾಸ ಯಾರಿಗೂ ಗೊತ್ತಿಲ್ಲ. ತಪ್ಪು ನನ್ನದೇ ಎಂದು ಬರೆದಿದ್ದೆ.

ಟಪಾಲು ಅವಳೂರಿಗೆ ಎರಡು ದಿನದ ದಾರಿ. 14ರವರೆಗೆ ಉತ್ತರ ಬರಲಿಲ್ಲ. ಸೊಕ್ಕು ಇನ್ನೂ ಇಳಿದಿಲ್ಲ ಅವಳದ್ದು ಎಂದುಕೊಂಡೆ. 19ರಂದು ಪಕ್ಕದ ಕ್ಷೌರದಂಗಡಿಯವರೂ ಶಾಲೆಯ ಮೇಡಂ ಅವರೂ ತಮ್ಮ ಕಾಗದಗಳು ಮುಟ್ಟಿಲ್ಲ ಎಂದರು. ಕೆದಕಿ ಕೇಳಿದಾಗ, ಇಬ್ಬರೂ ಹೊಸ ಚೀಟಿಯನ್ನೇ ಅಂಟಿಸಿದ್ದರು. ಊರ ಉಸಾಬರಿಯೆಲ್ಲ ನಿನಗೇ ಬೇಕು ಎಂದು ನಮ್ಮ ಮನೆಯವರು ಬೈಯುತ್ತಾರೆ, ಅದನ್ನೂ ಬರೆದುಕೊಳ್ಳಬಹುದು. 21ರಂದು ಬೆಳಿಗ್ಗೆ 9-15ಕ್ಕೆ ನನ್ನ ಅಂಗಡಿಯ ವಿಳಾಸಕ್ಕೇ ಎರಡು ಕಾಗದ ಹಾಕಿದೆ, ಒಂದಕ್ಕೆ ಹಳೆಯ ಚೀಟಿ, ಇನ್ನೊಂದಕ್ಕೆ ಹೊಸದು. ಒಳಗೆ ಎರಡರಲ್ಲೂ ಬಿಳಿ ಹಾಳೆ. 22ರಂದು ಹಳೆಯದು ಬಂತು. ಹೊಸದು ಬರಲಿಲ್ಲ.

ಕಚೇರಿಯಲ್ಲಿ ಟಪಾಲಿಗೆ ಠಸ್ಸೆ ಹೊಡೆಯುವವರು ಒಬ್ಬರೇ. ಅವರನ್ನು ನಾವು ಠಸ್ಸೆಯಣ್ಣ ಎನ್ನುತ್ತೇವೆ. ಹೊಸ ಚೀಟಿಯ ಆಸೆಗೆ ಅವರೇ ಕಾಗದ ಕದಿಯುತ್ತಿದ್ದಾರೆಂದು ನಾನು 24ರಂದು ದೂರು ಕೊಟ್ಟೆ. 27ರ ಸಂಜೆ ಅವರನ್ನು ಠಾಣೆಗೆ ಕರೆತರುವುದಾಗಿ ನಿನ್ನೆ ಪೇದೆಯವರು ತಿಳಿಸಿದರು. ಆಗ ನನಗೆ ಖುಷಿಯೇ ಆಯಿತು.

ಇಂದು ಮಧ್ಯಾಹ್ನ 3-50ಕ್ಕೆ, ಸ್ಕ್ರೂ ಹಾಕಲು ಠಸ್ಸೆಯಣ್ಣ ಕೊಟ್ಟಿದ್ದ ಕನ್ನಡಕ ಹಿಡಿದು ಕಚೇರಿಯ ಹಿಂದಿನ ಕೋಣೆಗೆ ಹೋದೆ. ಕನ್ನಡಕ ಒಂದು ನೆಪ, ಕೋಣೆ ನೋಡಬೇಕಿತ್ತು. ಎಂಟು ಅಡಿ ಉದ್ದದ ಮೇಜು, ಶಾಯಿ ಪ್ಯಾಡು, ರಬ್ಬರ್ ಹಾಸು, ಮೂರು ಡ್ರಾಯರ್. ಹೊಸ ಚೀಟಿಯ ಕಾಗದ ಎಲ್ಲಿ ಎಂದು ನೇರವಾಗಿ ಕೇಳಿಬಿಟ್ಟೆ. ಅವರು ಕೆಳಗಿನ ಡ್ರಾಯರ್ ಎಳೆದರು. ತಾರೀಖಿನ ಪ್ರಕಾರ ದಾರ ಕಟ್ಟಿದ 63 ಕಾಗದಗಳಿದ್ದವು. ಒಂದೂ ಒಡೆದಿಲ್ಲ, ಒಂದು ಚೀಟಿಯೂ ಕಿತ್ತಿಲ್ಲ. ತಂಗಿಯ ಕಾಗದವೂ ಅಲ್ಲೇ ಇತ್ತು.

ಯಾಕೆಂದು ಕೇಳಿದ್ದಕ್ಕೆ ಅವರು ತಿಳಿಸಿದ್ದು: ಸೇವೆಗೆ ಸೇರಿ 38 ವರ್ಷವಾಯಿತು. ಮೊದಲ ದಿನ ಹಿರಿಯರೊಬ್ಬರು ಹೇಳಿಕೊಟ್ಟಂತೆ, ಚೀಟಿಯ ಖಾಲಿ ಮೂಲೆಗೆ ಮಾತ್ರ ಠಸ್ಸೆ ಹೊಡೆಯುತ್ತ ಬಂದಿದ್ದಾರೆ, ಮಹಾರಾಜರ ಮುಖಕ್ಕೆ ಒಮ್ಮೆಯೂ ಶಾಯಿ ತಾಗಿಸಿಲ್ಲ. ನಾನು ನೆನಪಿಸಿಕೊಂಡು ನೋಡಿದೆ. ನಮ್ಮ ಮನೆಗೆ ಬಂದ ಊರೊಳಗಿನ ಕಾಗದಗಳಲ್ಲಿ ಮುಖ ಯಾವಾಗಲೂ ಚೊಕ್ಕವಾಗಿಯೇ ಇತ್ತು. ಇಡೀ ಊರಿನ ಕಣ್ಣು ಪರೀಕ್ಷಿಸುವ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಹೊಸ ಚೀಟಿಯಲ್ಲಿ ಖಾಲಿ ಮೂಲೆಯೇ ಇಲ್ಲ. ಅಂಚಿನಿಂದ ಅಂಚಿಗೆ ಮುಖ. ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ: "ಇಷ್ಟು ವರ್ಷ ಅವರು ಪಕ್ಕಕ್ಕೆ ತಿರುಗಿ ನಿಂತಿದ್ರು ಕಣಮ್ಮ. ಈಗ ವಯಸ್ಸಾಗಿ, ನೇರ ನನ್ನನ್ನೇ ನೋಡ್ತಿದಾರೆ. ಹೆಂಗೆ ಹೊಡೀಲಿ?"

ಮೇಲಧಿಕಾರಿಗಳನ್ನು ಕೇಳಬಾರದಿತ್ತೇ ಎಂದೆ. ಚೀಟಿ ಬಂದ ದಿನವೇ, ಎಲ್ಲಿ ಹೊಡೆಯಬೇಕೆಂದು ಬರೆದು ಕೇಳಿದ್ದೇನೆ, 24 ದಿನವಾದರೂ ಉತ್ತರವಿಲ್ಲ ಎಂದರು. ನಾನು ಕಟ್ಟನ್ನು ತಿರುಗಿಸಿ ನೋಡಿದೆ. ಎಲ್ಲಕ್ಕಿಂತ ಕೆಳಗೆ, 3ನೇ ತಾರೀಖಿನದು, ಮೇಲಧಿಕಾರಿಗಳಿಗೆ ಎಂಬ ವಿಳಾಸದ ಕಾಗದವಿತ್ತು. ಗೌರವಕ್ಕೆಂದು ಅದಕ್ಕೂ ಹೊಸ ಚೀಟಿಯನ್ನೇ ಅಂಟಿಸಿದ್ದರು. ಠಸ್ಸೆ ಬೀಳದ ಕಾಗದವನ್ನು ಚೀಲಕ್ಕೆ ಹಾಕುವಂತಿಲ್ಲ. ನನಗೆ ನಗು ತಡೆಯಲಿಲ್ಲ. ಅವರು ನಗಲಿಲ್ಲ, ಅದನ್ನು ಕಂಡು ನನ್ನದೂ ನಿಂತಿತು.

ಆಗ ಸಮಯ 4-08. ಟಪಾಲಿನ ವ್ಯಾನು ಹೊರಡುವುದು 4-30ಕ್ಕೆ. ಇಂದು ಹೋದರೆ ಕಾಗದ 29ಕ್ಕೆ ತಂಗಿಯ ಕೈಸೇರುತ್ತದೆ, ತಪ್ಪಿದರೆ ಆ ಮನೆಗೆ ಬೀಗ. ಇದನ್ನು ಅವರಿಗೆ ಹೇಳಿದೆ. ಅವರು ಠಸ್ಸೆ ಎತ್ತಿದರು, ಇಳಿಸಿದರು. ನನ್ನಿಂದಾಗಲ್ಲಮ್ಮ ಎಂದರು. ಹಾಗಾದರೆ ಇಲ್ಲಿ ಕೊಡಿ ಎಂದೆ. ಅವರು ಪ್ಯಾಡನ್ನು ನನ್ನ ಕಡೆ ತಳ್ಳಿ, ನಾನು ಆಗಷ್ಟೇ ಸರಿಮಾಡಿ ತಂದ ಕನ್ನಡಕವನ್ನು ತೆಗೆದು ಡಬ್ಬಿಯಲ್ಲಿಟ್ಟು, ಗೋಡೆಯ ಕಡೆ ತಿರುಗಿ ಕೂತರು. ನಾನು ಮೊದಲು ತಂಗಿಯ ಕಾಗದಕ್ಕೆ ಹೊಡೆದೆ. ಮಹಾರಾಜರ ಹಣೆಯ ನಡುವೆ ಬಿತ್ತು. ಆಮೇಲೆ 61 ಹೊಡೆದೆ. ಕೊನೆಯದು ಅವರದ್ದೇ, ಅದನ್ನು ಕಳಿಸಲೋ ಬೇಡವೋ ಎಂದು ಕೇಳಿದೆ. ಕಳಿಸಿ, ನನ್ನ ನಂತರ ಬರುವವರಿಗೆ ಉತ್ತರ ಬೇಕಾಗುತ್ತೆ ಎಂದರು. ಅದಕ್ಕೂ ಹೊಡೆದೆ. 4-27ಕ್ಕೆ ಚೀಲ ವ್ಯಾನಿಗೆ ಹೋಯಿತು.

ಆದ್ದರಿಂದ ಠಸ್ಸೆಯಣ್ಣನವರ ಮೇಲೆ ಕೊಟ್ಟ ಕಳ್ಳತನದ ದೂರನ್ನು ಹಿಂಪಡೆಯುತ್ತೇನೆ, ಅವರನ್ನು ಕರೆತರಬಾರದೆಂದು ಕೋರುತ್ತೇನೆ. ಸರಕಾರದ ಠಸ್ಸೆಯನ್ನು ಹೊರಗಿನವರು ಮುಟ್ಟುವುದು ತಪ್ಪಾದರೆ, ಮುಟ್ಟಿದವಳು ನಾನು. ಆರು ವರ್ಷ ಒಂದು ಮಾತನ್ನು ಹಿಂತೆಗೆದುಕೊಳ್ಳದೆ ಕೂತವಳು ಅವರ 24 ದಿನದ ಮೇಲೆ ದೂರು ಹೇಳಲಾರೆ.

ನನ್ನಲ್ಲಿ ಉಳಿದ ಮೂರನೆಯ ಚೀಟಿಯನ್ನು ಸಾಕ್ಷಿಯಾಗಿ ಈ ಹಾಳೆಯ ಕೆಳಗೆ ಅಂಟಿಸಿದ್ದೇನೆ. ನಾನು ಹೇಳಿದ್ದನ್ನೇ ಬರೆದಿದ್ದಾರೆ, ಓದಿಸಿ ಕೇಳಿದೆ, ಕೂಡಿಸಿದ್ದೂ ಕಳೆದದ್ದೂ ಇಲ್ಲ, ಎಲ್ಲವೂ ಸತ್ಯ. ಬಲಗೈಯ ಮೇಲಿನ ಶಾಯಿ ಅಂಚೆ ಕಚೇರಿಯದು.

ಇಲ್ಲಿಂದ ಮುಂದೆ ನನ್ನ ಕೈಬರಹ. ಸಾಕ್ಷಿಯ ಮೇಲೆ ಠಾಣೆಯ ಠಸ್ಸೆ ಬೀಳಲೇಬೇಕಂತೆ. ಬರೆದುಕೊಳ್ಳುತ್ತಿದ್ದವರು 6-05ಕ್ಕೆ ಠಸ್ಸೆ ಎತ್ತಿದರು. ಚೀಟಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಈಗ 6-09, ಠಸ್ಸೆ ಇನ್ನೂ ಅವರ ಕೈಯಲ್ಲೇ ಇದೆ.

ಸ್ಥಳ: ಠಾಣೆ, ಕಿಟಕಿ ಪಕ್ಕದ ಮೇಜು
ದಿನಾಂಕ: 27
ಸಹಿ: (ಕನ್ನಡಕದಮ್ಮ)